ಕಳ್ಳ ಹಾಕಿದ ತಿದ್ದುಪಡಿ

ಶುಕ್ರವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಯ ಮೆಟ್ಟಿಲು ಹತ್ತಿ ಬಂದ ವ್ಯಕ್ತಿ, ತಮ್ಮ ಪೇಪರನ್ನು ಯಾರೋ ವಾಪಸು ತೆಗೆದುಕೊಂಡುಬಿಟ್ಟಿದ್ದಾರೆ ಎಂದು ದೂರಿದರು. ಠಾಣೆಯ ರೈಟರ್ ಎಲ್ಲ ಬಗೆಯ ಕಳ್ಳತನಗಳನ್ನೂ ಬರೆದು ಬೆರಳು ಸವೆಸಿಕೊಂಡವರು. ತಲೆ ಎತ್ತದೆಯೇ 'ಪೇಪರ್ ಕಳುವು' ಎಂದು ಗೀಚಿಕೊಂಡು, ಎಷ್ಟು ಕೆಜಿ ಎಂದು ಕೇಳಿದರು.

"ಕೆಜಿ ಅಲ್ಲ, ಒಂಬತ್ತು ಪುಟ," ಎಂದರು ಬಂದವರು.

ರೈಟರ್ ಪೆನ್ನು ಕೆಳಗಿಟ್ಟರು. ಒಂಬತ್ತು ಪುಟ ಕಳೆದುಹೋದರೆ ಅದರ ಎಫ್‌ಐಆರ್‌ಗೆ ಹದಿನೆಂಟು ಪುಟ ಹಿಡಿಯುತ್ತದೆ ಎಂಬುದು ಅವರ ಸರ್ವಿಸ್ಸಿನ ಸಾರ.

ಒಳಗಿನ ಕೋಣೆಯಿಂದ ಇದನ್ನು ಕೇಳಿಸಿಕೊಂಡ ಇನ್ಸ್‌ಪೆಕ್ಟರ್ ಎದ್ದು ಬಂದರು. ಆಕೆಗೆ ಅರ್ಥವಾಗದ ದೂರು ಎಂದರೆ ಬಲು ಪ್ರೀತಿ. ಅರ್ಥವಾಗುವ ದೂರುಗಳಲ್ಲಿ ಮುಕ್ಕಾಲು ಪಾಲು ಗೋಡೆ, ಮಿಕ್ಕ ಕಾಲು ಪಾಲು ಗೋಡೆಯಾಚೆಯ ನಾಯಿ. ಬಂದವರನ್ನು ಕೂರಿಸಿ, ನೀರು ಕೊಡಿಸಿ, ಮೊದಲಿಂದ ಹೇಳಿ ಎಂದರು.

ಆತ ಒಂದು ವೈದ್ಯಕೀಯ ಸಂಶೋಧನಾ ಪತ್ರಿಕೆಯ ಸಂಪಾದಕರು. ಪತ್ರಿಕೆ ಈಗ ಅಚ್ಚಾಗುವುದಿಲ್ಲ, ವೆಬ್‌ಸೈಟಿನಲ್ಲಿ ಬರುತ್ತದೆ. ಡಾಕ್ಟರುಗಳು ಬರೆದ ಲೇಖನ, ಹೊರಗಿನ ಪರೀಕ್ಷಕರೊಬ್ಬರು ಓದಿ ಒಪ್ಪಿದ ಮೇಲೆ, ಅಲ್ಲಿ ಪ್ರಕಟವಾದರೆ ಉಳಿದ ಡಾಕ್ಟರುಗಳು ಅದನ್ನು ನಂಬಿ ಔಷಧ ಕೊಡುತ್ತಾರೆ. ಪ್ರಕಟವಾದ ಮೇಲೆ ಸಣ್ಣ ತಪ್ಪು ಕಂಡರೆ ತಿದ್ದುಪಡಿ ಹಾಕುತ್ತಾರೆ. ಬುಡವೇ ಅಲ್ಲಾಡುವ ತಪ್ಪಾದರೆ ಇಡೀ ಲೇಖನವನ್ನೇ ಹಿಂಪಡೆಯುತ್ತಾರೆ. ಹಿಂಪಡೆಯುವುದೆಂದರೆ ಅಳಿಸಿಹಾಕುವುದಲ್ಲ. ಲೇಖನ ಇದ್ದಲ್ಲೇ ಇರುತ್ತದೆ, ಪ್ರತಿ ಪುಟದ ಮೇಲೂ ಅಡ್ಡಲಾಗಿ 'ಹಿಂಪಡೆಯಲಾಗಿದೆ' ಎಂಬ ಕೆಂಪಕ್ಷರ ಬೀಳುತ್ತದೆ, ಕಾರಣ ಹೇಳುವ ಒಂದು ಪ್ರಕಟಣೆ ಪಕ್ಕದಲ್ಲಿ ನಿಲ್ಲುತ್ತದೆ. ಅಂಥದ್ದೊಂದು ಪ್ರಕಟಣೆ ಗುರುವಾರ ಮಧ್ಯಾಹ್ನ ಪತ್ರಿಕೆಯಲ್ಲಿ ಪ್ರತ್ಯಕ್ಷವಾಗಿತ್ತು. ಸಂಪಾದಕರು ಅದನ್ನು ಬರೆದಿರಲಿಲ್ಲ, ಬರೆಸಿರಲಿಲ್ಲ, ಕನಸಿನಲ್ಲೂ ಕಂಡಿರಲಿಲ್ಲ.

"ಯಾವ ಲೇಖನ?"

"ನವಜಾತ ಶಿಶುಗಳಿಗೆ ಫಿಟ್ಸ್ ಬಂದ್ರೆ ಕೊಡೋ ಔಷಧದ ಪ್ರಮಾಣ. ಬರೆದವರು ದೊಡ್ಡ ಡಾಕ್ಟರು. ನಮ್ಮ ಪತ್ರಿಕೆ ಮಂಡಳಿ ಅಧ್ಯಕ್ಷರೂ ಅವರೇ. ಸೋಮವಾರದಿಂದ ಅದರ ಕೋಷ್ಟಕ ಎಲ್ಲಾ ಆಸ್ಪತ್ರೆ ಶಿಶು ವಾರ್ಡಿನ ಗೋಡೆ ಮೇಲೂ ಅಂಟಿಸ್ತಾರೆ ಮೇಡಂ. ಸಾಕ್ಷಿ ಅಳಿಸಿದ ಹಾಗಾಗುತ್ತೆ ಅಂತ ನಾನು ಮುಟ್ಟಿಲ್ಲ. ಅಷ್ಟರೊಳಗೆ ಈ ಕಳ್ಳ ಪ್ರಕಟಣೆ ತೆಗೀಬೇಕು, ಇಲ್ಲಾಂದ್ರೆ ನನ್ನ ಮಾನ ಹೋಗುತ್ತೆ."

ತೋರಿಸುತ್ತೇನೆಂದು ಆತ ತಮ್ಮ ಫೋನಿನಲ್ಲಿ ಪುಟ ತೆರೆದರು. ತೆರೆದವರು ಹಾಗೇ ಬಾಯಿಯನ್ನೂ ತೆರೆದರು. ಪ್ರಕಟಣೆಯ ಕೆಳಗೆ ನಿನ್ನೆ ಇಲ್ಲದ ಎರಡು ಸಾಲು ಮೂಡಿದ್ದವು. 'ಈ ಪ್ರಕಟಣೆಯಲ್ಲಿ ಕೋಷ್ಟಕ ನಾಲ್ಕು ಎಂದಿರುವುದನ್ನು ಕೋಷ್ಟಕ ಮೂರು ಎಂದು ಓದಿಕೊಳ್ಳಬೇಕು. ತಪ್ಪಿಗೆ ವಿಷಾದಿಸುತ್ತೇವೆ.'

ಇನ್ಸ್‌ಪೆಕ್ಟರ್ ಎರಡು ಸಲ ಓದಿದರು. "ಇದೇನ್ರೀ ಇದು? ಮನೆಗೆ ನುಗ್ಗಿದ ಕಳ್ಳ ಮಾರನೇ ದಿನ ಬಂದು ಕಸ ಗುಡಿಸಿ ಹೋಗಿದಾನಲ್ಲ?"

ರೈಟರ್ 'ಪೇಪರ್ ಕಳುವು' ಹೊಡೆದುಹಾಕಿ ಹೊಸ ಹಾಳೆ ತೆಗೆದರು. ಅನ್ಯರ ಖಾತೆಯಲ್ಲಿ ಅಕ್ರಮ ಪ್ರವೇಶ, ಸುಳ್ಳು ಪ್ರಕಟಣೆ, ಆರೋಪಿ ಅಪರಿಚಿತ. ಎಫ್‌ಐಆರ್ ದಾಖಲಾಯಿತು.

ಪತ್ರಿಕೆಯ ಕಚೇರಿ ಎರಡು ಕೋಣೆ, ಮೂರು ಕಂಪ್ಯೂಟರು, ಒಂದು ಕೆಟ್ಟ ಗಡಿಯಾರ. ಪಂಚರ ಸಮ್ಮುಖದಲ್ಲಿ ಪುಟದ ಪ್ರತಿಗಳನ್ನು ತೆಗೆದು ಪಂಚನಾಮೆ ಮಾಡಿದರು. ಪ್ರಕಟಣೆ ಹಾಕಿದ್ದು ಹಿಂದಿನ ಸಂಪಾದಕರ ಖಾತೆಯಿಂದ ಎಂದು ಗೊತ್ತಾಯಿತು. ಆತ ನಿವೃತ್ತರಾಗಿ ಎರಡು ವರ್ಷ ಕಳೆದಿದ್ದರೂ ಖಾತೆಯನ್ನು ಯಾರೂ ಮುಚ್ಚಿರಲಿಲ್ಲ. ಪಾಸ್‌ವರ್ಡನ್ನು ಆತ ತಮ್ಮ ಕಾಲದಲ್ಲಿ ಮಾನಿಟರಿನ ಮೂಲೆಗೇ ಅಂಟಿಸಿಕೊಂಡಿದ್ದರಂತೆ, ಬಂದು ಹೋದವರೆಲ್ಲ ಓದಿದ್ದಾರಂತೆ. ಈಗ ಆತ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದರು. ಚಮಚ ಹಿಡಿಯದ ಕೈ ಕೀಲಿಮಣೆ ಒತ್ತುವ ಮಾತು ದೂರ. ಮಧ್ಯಾಹ್ನದ ಹೊತ್ತಿಗೆ ಸೈಬರ್ ವಿಭಾಗದವರು ಇನ್ನೊಂದು ವಿಷಯ ತಿಳಿಸಿದರು. ಎರಡೂ ದಿನ ಖಾತೆ ತೆರೆದದ್ದು ಸಾರ್ವಜನಿಕ ಗ್ರಂಥಾಲಯದ ಕಂಪ್ಯೂಟರುಗಳಿಂದ. ಅಲ್ಲಿ ದಿನಕ್ಕೆ ನೂರಾರು ಜನ ಕೂತೆದ್ದು ಹೋಗುತ್ತಾರೆ, ಹೆಸರು ಕೇಳುವವರಿಲ್ಲ.

ದೊಡ್ಡ ಡಾಕ್ಟರ ಹೇಳಿಕೆ ಪಡೆಯಲು ಇನ್ಸ್‌ಪೆಕ್ಟರ್ ರೇಡಿಯೋನನ್ನು ಕಳಿಸಿದರು. ರೇಡಿಯೋ ಎಂದರೆ ಠಾಣೆಯ ಕಾನ್‌ಸ್ಟೇಬಲ್. ಯಾರನ್ನೇ ವಿಚಾರಿಸಿ ಬಂದರೂ ಅವರದೇ ದನಿಯಲ್ಲಿ ವರದಿ ಒಪ್ಪಿಸುವ ಚಾಳಿಯಿಂದ ಆ ಹೆಸರು ಬಂದಿತ್ತು. ಹೋಗುವಾಗ ಸಪೂರವಾಗಿದ್ದವನು ಮರಳಿ ಬರುವಾಗ ಇಲ್ಲದ ಹೊಟ್ಟೆಯನ್ನು ಮುಂದೆ ಚಾಚಿಕೊಂಡೇ ಬಂದ.

"ನೋಡಪ್ಪಾ, ಮೂವತ್ತು ವರ್ಷ ನಾನು ಬರೆದದ್ದನ್ನ ಯಾರೂ ಪ್ರಶ್ನೆ ಮಾಡಿಲ್ಲ," ಎಂದು ಗಂಟಲು ಕೆರೆದು ಶುರುಮಾಡಿದ. "ನನ್ನ ಲೇಖನ ವಾಪಸ್ ತಗೊಳ್ಳೋಕೆ ಅದೇನು ಅಳತೆ ಸರಿಹೋಗದ ಶರ್ಟಾ? ಇದು ಹೊಟ್ಟೆಕಿಚ್ಚಿನವರ ಕೆಲಸ." ಆಮೇಲೆ ಸ್ವಂತ ದನಿಗೆ ಇಳಿದು, "ಆದ್ರೆ ಮೇಡಂ, ಕೋಷ್ಟಕ ಮೂರರಲ್ಲಿ ಏನಿದೆ ಅಂತ ಕೇಳ್ದೆ. ಹುಡುಗರು ಮಾಡಿದ್ದು, ನೋಡಿ ಹೇಳ್ತೀನಿ ಅಂದ್ರು. ಒಂಬತ್ತು ಪುಟದ ಲೇಖನ, ಬರೆದವರಿಗೇ ಅದರಲ್ಲೇನಿದೆ ಗೊತ್ತಿಲ್ಲ," ಎಂದ.

ಇನ್ಸ್‌ಪೆಕ್ಟರ್ ಆ ಕಳ್ಳ ಪ್ರಕಟಣೆಯನ್ನು ಮತ್ತೆ ಕೈಗೆತ್ತಿಕೊಂಡರು. ಇಷ್ಟು ಹೊತ್ತು ಅದನ್ನು ಹಾಕಿದವರು ಯಾರು ಎಂದಷ್ಟೇ ಯೋಚಿಸಿದ್ದರು. ಅದು ಹೇಳುತ್ತಿರುವುದು ನಿಜವೇ ಎಂದು ಯಾರೂ ನೋಡಿರಲಿಲ್ಲ. ಜೀಪು ಆಸ್ಪತ್ರೆಯ ಕಡೆ ತಿರುಗಿತು.

ಶಿಶು ವಾರ್ಡಿನ ಡಾಕ್ಟರು ಗಾಜಿನ ತೊಟ್ಟಿಲುಗಳ ನಡುವೆ ನಿಂತೇ ಪ್ರಕಟಣೆ ಓದಿದರು. ಒಮ್ಮೆ ಓದಿ ಮುಗಿಸಿ, ಎರಡನೇ ಸಲ ಅರ್ಧಕ್ಕೆ ನಿಲ್ಲಿಸಿ, ಕಂಪ್ಯೂಟರಿನ ಮುಂದೆ ಕೂತರು. ಲೇಖನದ ಜೊತೆ ಮೂಲ ಅಂಕಿಗಳ ಕಡತವೊಂದನ್ನೂ ಪತ್ರಿಕೆ ಇಟ್ಟಿತ್ತು. ನೂರ ಹದಿನಾಲ್ಕು ಶಿಶುಗಳ ತೂಕ ಅದರಲ್ಲಿತ್ತು. ಆಕೆ ಹತ್ತು ನಿಮಿಷ ಕೂಡಿ ಕಳೆದು ನೋಡಿದರು. ಇನ್ಸ್‌ಪೆಕ್ಟರ್ ತೊಟ್ಟಿಲೊಳಗೆ ಮುಷ್ಟಿ ಬಿಗಿದು ಮಲಗಿದ್ದ ಒಂದು ಕೂಸನ್ನು ನೋಡುತ್ತ ನಿಂತರು.

"ತೂಕ ಕಿಲೋದಲ್ಲೇ ಬರೆದಿತ್ತು," ಎಂದರು ಡಾಕ್ಟರು. "ಇವರು ಪೌಂಡು ಅಂದ್ಕೊಂಡು ಮತ್ತೆ ಕಿಲೋ ಮಾಡಿದಾರೆ. ಮೂರು ಕಿಲೋ ಮಗು ಒಂದೂವರೆ ಕಿಲೋನೂ ಇಲ್ಲ ಅಂತ ಲೆಕ್ಕ ಬಿದ್ದಿದೆ. ಹಾಗಾಗಿ ಕಿಲೋಗೆ ಇಷ್ಟು ಔಷಧ ಅನ್ನೋದು ಎರಡು ಪಟ್ಟಿಗಿಂತ ಜಾಸ್ತಿ ಬಂದಿದೆ."

"ಅಷ್ಟು ಕೊಟ್ರೆ?"

"ಫಿಟ್ಸ್ ನಿಲ್ಲುತ್ತೆ." ಡಾಕ್ಟರು ಅದೇ ಕೂಸಿನ ಕಡೆ ನೋಡಿದರು. "ಉಸಿರೂ ನಿಲ್ಲಬಹುದು."

ಎಲ್ಲ ಆಸ್ಪತ್ರೆಗಳಿಗೂ ಹೋಗಲಿದ್ದ ಸೋಮವಾರದ ಗೋಡೆ ಪಟ್ಟಿಗಳು ಆಗಲೇ ಅಚ್ಚಾಗಿ ಸೂಪರಿಂಟೆಂಡೆಂಟರ ಕೋಣೆಯ ಮೂಲೆಯಲ್ಲಿ ಸುರುಳಿ ಸುತ್ತಿಕೊಂಡು ನಿಂತಿದ್ದವು. ಸೂಪರಿಂಟೆಂಡೆಂಟರು ಸಭ್ಯರು, ಕಿವಿಗೊಟ್ಟು ಕೇಳಿದರು. ಆದರೆ ಪ್ರಕಟಣೆ ಖೋಟಾ ಎಂದು ಸಂಪಾದಕರೇ ಫೋನು ಮಾಡಿ ಹೇಳಿದ್ದಾರಲ್ಲ ಎಂದರು. ವಾರ್ಡಿನ ಡಾಕ್ಟರ ಹತ್ತು ನಿಮಿಷದ ಲೆಕ್ಕ ಹಿಡಿದು ಪೊಲೀಸರ ಮಾತಿಗೆ ಡೋಸು ಬದಲಿಸಿದರೆ ನಾಳೆ ಡಾಕ್ಟರರ ಮಾತಿಗೆ ಲಾಠಿ ಬೀಸಬೇಕಾದೀತು. ಪತ್ರಿಕೆ ಅಧಿಕೃತವಾಗಿ ಹಿಂಪಡೆದರೆ ಮಾತ್ರ ಪಟ್ಟಿ ನಿಲ್ಲುತ್ತದೆ.

ಇನ್ಸ್‌ಪೆಕ್ಟರ್ ಸಂಜೆ ಸಂಪಾದಕರ ಮೇಜಿನೆದುರು ಕೂತರು.

"ಈ ತಪ್ಪಿನ ಬಗ್ಗೆ ಮುಂಚೆ ಯಾರಾದ್ರೂ ತಿಳಿಸಿದ್ರಾ?"

ಸಂಪಾದಕರು ಪೇಪರ್‌ವೇಟು ತಿರುಗಿಸಿದರು. "ಇಮೇಲಲ್ಲಿ ಮೂರು ಪತ್ರ ಬಂದಿದ್ವು. 'ಒಬ್ಬ ಓದುಗ' ಅಂತ. ಹೆಸರಿರಲಿಲ್ಲ."

"ಏನು ಮಾಡಿದ್ರಿ?"

"ಕ್ರಮ ಇದೆ ಮೇಡಂ. ಲೇಖಕರಿಗೆ ಕಳಿಸ್ಬೇಕು, ಅವರು ಉತ್ತರ ಕೊಡ್ಬೇಕು. ಪತ್ರ ಬರೆದವರಿಗೆ ಪರಿಶೀಲನೆಯಲ್ಲಿದೆ ಅಂತ ತಿಳಿಸಿದೀವಿ."

"ಎಷ್ಟು ದಿನದಿಂದ?"

"ಹನ್ನೊಂದು ತಿಂಗಳು."

ಬಾಗಿಲಲ್ಲಿದ್ದ ರೇಡಿಯೋ ಸಂಪಾದಕರದೇ ಮೆತ್ತನೆ ದನಿಯಲ್ಲಿ 'ತನಿಖೆ ಪ್ರಗತಿಯಲ್ಲಿದೆ' ಎಂದು ಗೊಣಗಿದ. ಇನ್ಸ್‌ಪೆಕ್ಟರ್ ಅವನನ್ನು ಕಣ್ಣಲ್ಲೇ ಗದರಿದರು; ಆ ವಾಕ್ಯದ ಮೇಲೆ ಪೊಲೀಸರಿಗಿರುವ ಹಕ್ಕು ಯಾರಿಗೂ ಇಲ್ಲ.

ಅಧ್ಯಕ್ಷರ ಲೇಖನವನ್ನು ಅಧ್ಯಕ್ಷರ ಒಪ್ಪಿಗೆಯಿಲ್ಲದೆ ಹಿಂಪಡೆಯುವ ಅಧಿಕಾರ ಸಂಪಾದಕರಿಗೆ ಇಲ್ಲವೇ ಎಂದು ಕೇಳಿದ್ದಕ್ಕೆ, ಇದೆ ಎಂದರು. ಧೈರ್ಯ ಎಂಬ ಇನ್ನೊಂದು ವಸ್ತು ಬೇಕಾಗುತ್ತದೆ ಎಂಬುದನ್ನು ಅವರ ಮುಖ ಹೇಳಿತು. ಯಾವನೋ ಖದೀಮ ಬರೆದಿಟ್ಟದ್ದಕ್ಕೆ ತಾನು ರುಜು ಹಾಕಿದರೆ ನಗೆಪಾಟಲು. ಬರೆದವನು ಯಾರು, ಯಾವ ಉದ್ದೇಶಕ್ಕೆ ಬರೆದ ಎಂದು ತಿಳಿಯಲಿ, ಆಮೇಲೆ ನೋಡೋಣ.

"ಅಂದ್ರೆ ಕಳ್ಳ ಸಿಕ್ಕಿದ್ರೆ ನೀವು ರುಜು ಹಾಕ್ತೀರಾ?"

"ಅವನು ಹೇಳಿದ್ದು ಸರಿ ಅಂತಾದ್ರೆ... ಹಾಕ್ತೀನಿ."

ಇದ್ದದ್ದು ಶನಿವಾರ ಒಂದೇ ದಿನ. ಭಾನುವಾರ ಗ್ರಂಥಾಲಯಕ್ಕೆ ಬೀಗ. ಇನ್ಸ್‌ಪೆಕ್ಟರ್ ಪೆನ್ಸಿಲಿನಿಂದ ಆ ಎರಡು ಸಾಲಿನ ತಿದ್ದುಪಡಿಯನ್ನು ಕುಟ್ಟುತ್ತ ಕೂತರು. ಪ್ರಕಟಣೆ ಹಾಕಿ ಆಗಿತ್ತು, ಕೆಲಸ ಕೆಟ್ಟಿರಲಿಲ್ಲ. ಮೂರರ ಬದಲು ನಾಲ್ಕು ಎಂದು ಬಿದ್ದದ್ದನ್ನು ಯಾರೂ ಗಮನಿಸಿರಲಿಲ್ಲ. ಆದರೂ ಕಳ್ಳ ಸಿಕ್ಕಿಬೀಳುವ ಅಪಾಯ ಮೈಮೇಲೆ ಎಳೆದುಕೊಂಡು ಬಂದು ತಿದ್ದಿ, ವಿಷಾದವನ್ನೂ ಸೂಚಿಸಿದ್ದ. ಇದು ದುಡ್ಡಿನ ಆಸೆಯಲ್ಲ, ದ್ವೇಷವಲ್ಲ. ಇದು ತುರಿಕೆ. ತಪ್ಪು ಕಂಡರೆ ಸುಮ್ಮನಿರಲಾಗದ ತುರಿಕೆ.

"ಆ ಪ್ರಕಟಣೇಲಿ ಇನ್ನೊಂದು ತಪ್ಪು ಹಾಕಿ," ಎಂದರು.

ಸಂಪಾದಕರಿಗೆ ಅರ್ಥವಾಗಲಿಲ್ಲ.

"ಔಷಧದ ವಿಚಾರ ಮುಟ್ಟಬೇಡಿ. ನೂರ ಹದಿನಾಲ್ಕು ಶಿಶು ಅಂತಿದೆಯಲ್ಲ, ನೂರ ನಲವತ್ತೊಂದು ಮಾಡಿ. ನಾಳೆ ಬೆಳಿಗ್ಗೆ ಗ್ರಂಥಾಲಯದ ಬಾಗಿಲು ತೆರೆಯೋ ಹೊತ್ತಿಗೆ."

ಆತ ಕೀಲಿಮಣೆಯ ಮೇಲೆ ಕೈಯಿಟ್ಟು ತೆಗೆದರು, ಮತ್ತೆ ಇಟ್ಟು ಮತ್ತೆ ತೆಗೆದರು. "ಗೊತ್ತಿದ್ದೂ ಗೊತ್ತಿದ್ದೂ ಹೇಗೆ ಮೇಡಂ ತಪ್ಪು ಹಾಕೋದು?" ದೊಡ್ಡ ತಪ್ಪನ್ನು ಹನ್ನೊಂದು ತಿಂಗಳು ಮಡಿಲಲ್ಲಿಟ್ಟು ಸಾಕಿದ ಕೈಗೆ ಸಣ್ಣದೊಂದು ತಪ್ಪು ಮಾಡಲು ಸಂಕೋಚ. ಕೊನೆಗೆ ಪಂಚರೆದುರು ಹಳೆಯ ಪ್ರತಿಯನ್ನು ಜೋಪಾನವಾಗಿ ತೆಗೆದಿರಿಸಿ, ಬೆಳಿಗ್ಗೆ ಅಂಕಿಯನ್ನು ಇನ್ಸ್‌ಪೆಕ್ಟರೇ ಬದಲಿಸುವುದೆಂದು ಆಯಿತು.

ಮನೆಯಲ್ಲಿ ಹೆಂಡತಿಗೂ ಹೇಳಬಾರದು ಎಂದು ಎಚ್ಚರಿಸಿದರು.

"ಹೆಂಡ್ತಿ ಏನೂ ಕೇಳಲ್ಲ ಮೇಡಂ. ಅತ್ತೆ ನಮ್ಮ ಜೊತೇಲೇ ಇದಾರೆ, ಅವರಿಗೆ ಗೊತ್ತಾಗಬಾರದು ಅಷ್ಟೆ. ಕಾಲೇಜಲ್ಲಿ ನನಗೆ ಸಂಖ್ಯಾಶಾಸ್ತ್ರ ಹೇಳಿಕೊಟ್ಟವರು. ದಶಮಾಂಶ ಬಿಂದು ತಪ್ಪಿದ್ದಕ್ಕೆ ನನ್ನ ಫೇಲ್ ಮಾಡಿ, ಆಮೇಲೆ ಮಗಳನ್ನ ಕೊಟ್ಟಿದಾರೆ."

ಎರಡರಲ್ಲಿ ಯಾವುದು ಶಿಕ್ಷೆ ಎಂದು ರೇಡಿಯೋ ಕೇಳಬೇಕೆಂದಿದ್ದ. ಇನ್ಸ್‌ಪೆಕ್ಟರ್ ಆಗಲೇ ಎದ್ದಿದ್ದರು.

ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ನೂರ ಹದಿನಾಲ್ಕು ಶಿಶುಗಳು ನೂರ ನಲವತ್ತೊಂದಾದವು. ಸಂಪಾದಕರು ಕಚೇರಿಯಲ್ಲಿ ಪರದೆಯ ಮುಂದೆ ಕೂತರು. ಆ ಖಾತೆ ತೆರೆದುಕೊಂಡ ಕ್ಷಣವೇ ಫೋನು ಮಾಡಬೇಕೆಂದು ಅವರಿಗೆ ಅಪ್ಪಣೆಯಾಗಿತ್ತು. ಗ್ರಂಥಾಲಯದ ಕಂಪ್ಯೂಟರು ಕೋಣೆಯ ಒಂದು ಬಾಗಿಲಲ್ಲಿ ರೇಡಿಯೋ ಮಫ್ತಿಯಲ್ಲಿ ದಪ್ಪ ನಿಘಂಟೊಂದನ್ನು ಕಾದಂಬರಿಯಂತೆ ಓದುತ್ತಿದ್ದ. ಇನ್ನೊಂದು ಬಾಗಿಲಲ್ಲಿ ಸೀರೆಯುಟ್ಟ ಇನ್ಸ್‌ಪೆಕ್ಟರ್ ಪುಸ್ತಕದ ಕಪಾಟು ನೋಡುವಂತೆ ನಿಂತಿದ್ದರು. ಎಂಟು ಕಂಪ್ಯೂಟರುಗಳ ಮುಂದೆ ಎಂಟು ಬೆನ್ನುಗಳು ಬಂದವು, ಹೋದವು, ಬೇರೆ ಬೆನ್ನುಗಳು ಬಂದವು. ಮಧ್ಯಾಹ್ನವಾಯಿತು. ರೇಡಿಯೋ ನಿಘಂಟಿನಲ್ಲಿ 'ಹಸಿವು' ತನಕ ಮುಟ್ಟಿದ್ದ.

ಮೂರು ಗಂಟೆಯ ಸುಮಾರಿಗೆ ಇನ್ಸ್‌ಪೆಕ್ಟರ ಕೈಯಲ್ಲಿ ಫೋನು ನಡುಗಿತು. ಕಿವಿಗಿಟ್ಟರು.

"ಮೇಡಂ, ಒಳಗೆ ಬಂದ. ಖಾತೆ ತೆರೆದಿದೆ." ಸಂಪಾದಕರ ಉಸಿರು ಮಾತಿಗಿಂತ ಜೋರಾಗಿತ್ತು. "ಪ್ರಕಟಣೆ ತೆರೆದ. ತಿದ್ದುಪಡಿ ಪುಟಕ್ಕೆ ಹೋದ."

ಇನ್ಸ್‌ಪೆಕ್ಟರ್ ರೇಡಿಯೋಗೆ ತಲೆಯಾಡಿಸಿ ಒಳಹೊಕ್ಕರು. ಆಗ ಕೋಣೆಯಲ್ಲಿದ್ದವರು ಮೂರೇ ಜನ. ಮೊದಲನೆಯವನು ಪರದೆಯ ಮೇಲೆ ಕಾರು ಓಡಿಸುತ್ತ, ತಿರುವು ಬಂದಾಗಲೆಲ್ಲ ಕುರ್ಚಿಯ ಸಮೇತ ವಾಲುತ್ತಿದ್ದ. ಎರಡನೆಯವನು ಕೆಲಸಕ್ಕೆ ಅರ್ಜಿ ತುಂಬುತ್ತ 'ಅನುಭವ' ಎಂಬಲ್ಲಿ ಬಂದು ನಿಂತುಬಿಟ್ಟಿದ್ದ. ಮೂರನೆಯದು ಕಿಟಕಿಯ ಪಕ್ಕದ್ದು. ಅಲ್ಲಿ ನೆಟ್ಟಗೆ ಕೂತಿದ್ದ ಬಿಳಿತಲೆಯ ಹೆಂಗಸು, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಎರಡೇ ಬೆರಳಿನಲ್ಲಿ, ಪ್ರತಿ ಅಕ್ಷರಕ್ಕೂ ಒಂದು ಏಟು ಹಾಕುತ್ತಿದ್ದರು.

ಇನ್ಸ್‌ಪೆಕ್ಟರ್ ಬೆನ್ನ ಹಿಂದೆ ಹೋಗಿ ನಿಂತರು. ಪರದೆಯ ಮೇಲೆ 'ನೂರ ನಲವತ್ತೊಂದು ಎಂದಿರುವುದನ್ನು ನೂರ ಹದಿನಾಲ್ಕು ಎಂದು' ಎಂಬಲ್ಲಿಗೆ ಬಂದಿತ್ತು.

"ಪೊಲೀಸ್," ಎಂದರು ಮೆಲ್ಲಗೆ.

ಹೆಂಗಸು ತಿರುಗಲಿಲ್ಲ. "ಒಂದು ನಿಮಿಷ ಇರಮ್ಮ. ಇದೊಂದು ಸಾಲು ಮುಗಿಸಿಬಿಡ್ತೀನಿ."

ಫೋನು ಇನ್ನೂ ಕಿವಿಯಲ್ಲೇ ಇತ್ತು. ಆ ಕಡೆ ಏನೋ ಬಿದ್ದ ಸದ್ದಾಯಿತು, ಪೇಪರ್‌ವೇಟು ಇರಬೇಕು.

"ಮೇಡಂ," ಎಂದಿತು ಸಂಪಾದಕರ ದನಿ, ಎಲ್ಲೋ ಬಾವಿಯೊಳಗಿಂದ ಬಂದಂತೆ. "ಅದು ನಮ್ಮತ್ತೆ."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಗಾದೆ ಎಲ್ಲರೂ ಕೇಳಿದ್ದೇ. ಕಳ್ಳರ ವಿಷಯದಲ್ಲೂ ಹೀಗಾಗುತ್ತದೆಂದು ರೇಡಿಯೋಗೆ ಅವತ್ತೇ ತಿಳಿದದ್ದು. ಅತ್ತೆ ಸಾಲು ಮುಗಿಸಿದರು. 'ತಪ್ಪಿಗೆ ವಿಷಾದಿಸುತ್ತೇವೆ' ಎಂದು ಬರೆಯಲು ಹೋಗಿ, ಬರೆಯದೆ ಅಳಿಸಿದರು.

"ಈ ತಪ್ಪು ನಂದಲ್ಲ," ಎಂದು ಇನ್ಸ್‌ಪೆಕ್ಟರನ್ನು ನೋಡಿದರು. "ನೀವು ಹಾಕಿದ್ದಾ?"

"ಹೌದಮ್ಮ."

"ಅದನ್ನೇ ಅಂದ್ಕೊಂಡೆ. ನಿನ್ನೆ ಹದಿನಾಲ್ಕಿದ್ದದ್ದು ಇವತ್ತು ನಲವತ್ತೊಂದಾಗೋದು ಕೈತಪ್ಪಿನಿಂದ ಅಲ್ಲ, ಯಾರೋ ಬೇಕಂತ ತಿರುಗಿಸಿದಾಗ. ಗೊತ್ತಿದ್ದೂ ಬಂದೆ. ತಪ್ಪು ನಿಂತಿರುತ್ತಲ್ಲ." ಕೈಚೀಲ ಹೆಗಲಿಗೇರಿಸಿ ಎದ್ದು, ಜೀಪು ಎಲ್ಲಿದೆ ಎಂದು ಕೇಳಿದರು.

ಮೂರೂವರೆಗೆ ಬಂಧನದ ವಿಧಿಗಳು ಮುಗಿದವು. ಸಂಪಾದಕರು ಏದುಸಿರು ಬಿಡುತ್ತ ಠಾಣೆಗೆ ಬರುವ ಹೊತ್ತಿಗೆ ಅತ್ತೆ ಬೆಂಚಿನ ಮೇಲೆ ಕೂತು ರೈಟರ್ ಬರೆದ ಹೇಳಿಕೆಯಲ್ಲಿ ತಾರೀಖು ಸರಿಮಾಡಿಸುತ್ತಿದ್ದರು.

"ನಂಗೆ ಮನೇಲೇ ಹೇಳಬಹುದಿತ್ತಲ್ಲ, ಅತ್ತೆ?"

"ಮೂರು ಸಲ ಬರೆದೆ."

"ಅದು ನೀವು ಅಂತ ನನಗೆಲ್ಲಿ ಗೊತ್ತಿತ್ತು?"

"ಬರೆದದ್ದು ನಾನು ಅಂತ ಗೊತ್ತಾದ್ರೆ ಮಾತ್ರ ಮೂರು ಕಿಲೋ ಮೂರು ಕಿಲೋ ಆಗುತ್ತೇನೋ?"

ರೈಟರ್ ಗಂಟಲು ಸರಿಮಾಡಿಕೊಂಡು, ಎಷ್ಟು ಕೆಜಿ ಅಂತ ತಾನು ಮೊದಲ ದಿನವೇ ಕೇಳಿದ್ದೆ ಎಂದು ಎಲ್ಲರಿಗೂ ನೆನಪಿಸಿದರು. ಇನ್ಸ್‌ಪೆಕ್ಟರ್ ಠಾಣೆಯ ಕಂಪ್ಯೂಟರಿನ ಮುಂದಿನ ಕುರ್ಚಿಯನ್ನು ಹಿಂದಕ್ಕೆಳೆದು ಸಂಪಾದಕರತ್ತ ನೋಡಿದರು. ಮಾತು ಕೊಟ್ಟದ್ದು ಆತನಿಗೂ ನೆನಪಿತ್ತು.

ಅಧ್ಯಕ್ಷರಿಗೆ ಮೊದಲು ಫೋನು ಮಾಡಿದರು. ಆ ಕಡೆಯ ಗುಡುಗು ಲಾಕಪ್ಪಿನ ತನಕ ಕೇಳಿಸಿತು. ಸಂಪಾದಕರು ಅದು ಮುಗಿಯುವವರೆಗೆ ಕಾದು, "ಸಾರ್, ನಿಮ್ಮ ಒಪ್ಪಿಗೆ ಕೇಳ್ತಿಲ್ಲ, ತಿಳಿಸ್ತಿದೀನಿ," ಎಂದು ಇಟ್ಟರು. ರೇಡಿಯೋ ಆ ವಾಕ್ಯವನ್ನು ಮುಂದೆ ಒಂದು ವಾರ ಸಿಕ್ಕವರ ಮುಂದೆಲ್ಲ ಅದೇ ನಡುಗುವ ದನಿಯಲ್ಲಿ ಆಡಿ ತೋರಿಸಿದ, ಆದರೆ ನಗಲಿಲ್ಲ.

ಹೊಸ ಪ್ರಕಟಣೆ ಬರೆಯಲು ಕೂತಾಗ ಹಳೆಯದರಲ್ಲಿ ಬದಲಿಸಲು ಏನೂ ಸಿಗಲಿಲ್ಲ. ಯಾರನ್ನೂ ಹಳಿಯದೆ, ಏನನ್ನೂ ಮುಚ್ಚಿಡದೆ, ತಪ್ಪು ಎಲ್ಲಿದೆ, ಅದರಿಂದ ಏನಾಗಬಹುದು ಎಂದು ಏಳು ವಾಕ್ಯದಲ್ಲಿ ಹೇಳಿತ್ತು. ತಮ್ಮ ಪತ್ರಿಕೆ ಇಷ್ಟು ನೇರವಾದ ಪ್ರಕಟಣೆಯನ್ನು ಹಿಂದೆಂದೂ ಹಾಕಿಲ್ಲ, ಅದಕ್ಕೇ ಅದು ಖೋಟಾ ಎಂದು ನೋಡಿದ ಕೂಡಲೇ ಗೊತ್ತಾಗಿತ್ತು ಎಂದು ಸಂಪಾದಕರು ಒಪ್ಪಿಕೊಂಡರು. ಕೆಳಗೆ ತಮ್ಮ ಹೆಸರು ಹಾಕಿದರು.

"ಇನ್ನೊಂದು ವಾಕ್ಯ ಸೇರಿಸು," ಎಂದರು ಅತ್ತೆ ಬೆಂಚಿನಿಂದ. "ಪ್ರಕಟಣೆಗೆ ಮುಂಚೆ ಲೇಖನ ಪರೀಕ್ಷಿಸಿದವರು ಕೋಷ್ಟಕ ಮೂರನ್ನು ಓದಿರಲಿಲ್ಲ. ಮುಂದೆ ನನ್ನ ಹೆಸರು."

ಅಳಿಯ ಕುರ್ಚಿಯಲ್ಲೇ ತಿರುಗಿದರು. ಪರೀಕ್ಷಕರ ಹೆಸರು ಹೊರಗೆ ಬರುವ ಪದ್ಧತಿಯಿಲ್ಲ. ಹಿಂದಿನ ಸಂಪಾದಕರು ಆ ಗುಟ್ಟನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. "ಆ ಪರೀಕ್ಷಕರು... ನೀವಾ?"

"ಬರೀ," ಎಂದರು ಅತ್ತೆ.

ಆರು ಗಂಟೆಯೊಳಗೆ ಪ್ರಕಟಣೆ ಹೊರಬಿತ್ತು. ಸೂಪರಿಂಟೆಂಡೆಂಟರು ಓದಿ, ಸುರುಳಿ ಸುತ್ತಿದ್ದ ಪಟ್ಟಿಗಳನ್ನು ತಾವೇ ಕೆಳಗಿನ ಗೋದಾಮಿಗೆ ಸಾಗಿಸಿದರು ಎಂದು ವಾರ್ಡಿನ ಡಾಕ್ಟರು ಫೋನು ಮಾಡಿ ತಿಳಿಸಿದರು. ಅನ್ಯರ ಖಾತೆ ಬಳಸಿದ ಅಪರಾಧ ಅಪರಾಧವೇ; ಅದರ ವಿಚಾರಣೆ ನ್ಯಾಯಾಲಯದಲ್ಲಿ ನಡೆಯಬೇಕು. ಜಾಮೀನಿಗೆ ಸಹಿ ಹಾಕಿದ್ದು ದೂರುದಾರರೇ.

ಆರೋಪಿಯ ಹೇಳಿಕೆಯ ಕೊನೆಯ ಭಾಗವನ್ನು ಇನ್ಸ್‌ಪೆಕ್ಟರ್ ತಾವೇ ಬರೆದುಕೊಂಡಿದ್ದರು. ಹನ್ನೊಂದು ತಿಂಗಳ ಹಿಂದೆ ಏನೋ ಹುಡುಕುತ್ತ ಆ ಮೂಲ ಅಂಕಿಗಳನ್ನು ತೆರೆದಾಗ ಆಕೆಗೆ ತಪ್ಪು ಕಂಡಿತ್ತು. ತಾನೇ ಪರೀಕ್ಷಿಸಿ ಪಾಸು ಮಾಡಿದ ಲೇಖನ. ಒಂದು ಬಿಂದುವಿಗಾಗಿ ಫೇಲು ಮಾಡಿದ ಹುಡುಗ ದಿನವೂ ಎದುರಿಗೆ ಕೂತು ತಿಂಡಿ ತಿನ್ನುತ್ತಿದ್ದ. ಅವನ ಮುಂದೆ 'ನಾನು ನೋಡಲಿಲ್ಲ' ಎಂಬ ಎರಡೇ ಪದ ಬಾಯಿಗೆ ಬರಲಿಲ್ಲ. ಹೆಸರು ಹಾಕದೆ ಬರೆದರು, ಕಾದರು. ಕಳೆದ ಬುಧವಾರ ಅವನು ಹೆಮ್ಮೆಯಿಂದ, ನಮ್ಮ ಪತ್ರಿಕೆಯ ಕೋಷ್ಟಕ ಗೋಡೆಗೆ ಏರುತ್ತಿದೆ ಎಂದಾಗ ಕೈಯಲ್ಲಿದ್ದ ಲೋಟ ಕೆಳಗಿಟ್ಟಿದ್ದರು. ಹಿಂದಿನ ಸಂಪಾದಕರ ಮಾನಿಟರಿನ ಮೂಲೆಯಲ್ಲಿ ಕಂಡಿದ್ದ ಪಾಸ್‌ವರ್ಡು ಆಕೆಗೆ ನೆನಪಿತ್ತು.

ಓದದೆ ಪಾಸು ಮಾಡಿದ್ದೇಕೆ ಎಂದು ಇನ್ಸ್‌ಪೆಕ್ಟರ್ ಕೇಳಿದ್ದರು. ಅದಕ್ಕೂ ಆಕೆ ಉತ್ತರ ಕೊಟ್ಟರು. ಲೇಖನ ಬಂದದ್ದು ಮಗಳ ಮದುವೆಯ ವಾರ. ಗಡುವು ಅಂದೇ ಮುಗಿಯುತ್ತಿತ್ತು. ಕೋಷ್ಟಕ ಎರಡು ಮುಗಿಸಿ ಪುಟ ತಿರುವಬೇಕು, ಅಷ್ಟರಲ್ಲಿ ಹೊರಗೆ ಯಾರೋ ಬಾಗಿಲು ತಟ್ಟಿದರು. 'ಕೋಷ್ಟಕಗಳು ಸಮರ್ಪಕವಾಗಿವೆ' ಎಂದು ಬರೆದು, ಕಳಿಸಿ, ಎದ್ದು ಹೋಗಿ ಬಾಗಿಲು ತೆಗೆದರು. ಹೊಸ ಅಂಗಿ ತೊಟ್ಟು, ಬೆವೆತುಕೊಂಡು, ಅಳಿಯನಾಗಲಿದ್ದ ಆ ಹುಡುಗ ನಿಂತಿದ್ದ.